ಮಾಸ್ತರರ ಪರವಾಗಿ ಬರೆದ ಪತ್ರ

ಕೋಲಿನ ಹಿಡಿಗೆ ಸುತ್ತಿದ ಪಟ್ಟಿ ಮುಗಿಯುವಲ್ಲಿ ಹೆಬ್ಬೆರಳಿನಷ್ಟು ಅಗಲದ ಒಂದು ಕಪ್ಪು ಕಲೆ. ಸುತ್ತಿದ್ದ ಹಳೆಯ ದಿನಪತ್ರಿಕೆ ಬಿಚ್ಚುವಾಗ ಮೊದಲು ಕಂಡದ್ದು ಅದು. ಆಮೇಲೆ ಅಗಸಿ ಎಣ್ಣೆಯ ವಾಸನೆ ಬಂತು. ನಮ್ಮ ಬೆಟಗೇರಿ ಓಣಿಯ ಡ್ರಿಲ್ ಮಾಸ್ತರರ ಹಾಕಿ ಕೋಲು. ಅವರು ತೀರಿಕೊಂಡು ಹದಿನೈದು ದಿನಗಳಾಗಿದ್ದವು. ನಾನು ಈಗಿರುವ ಮುಂಡರಗಿಯಿಂದ ಮಾತನಾಡಿಸಿಕೊಂಡು ಬರಲು ಹೋದಾಗ ಅವರ ಹೆಂಡತಿ, ಓಣಿಯವರೆಲ್ಲ ಚಿಗವ್ವ ಎನ್ನುತ್ತಿದ್ದವರು, ಅದನ್ನು ನನ್ನ ಕೈಯಲ್ಲಿಟ್ಟರು. ನಾನು ಒಂದು ದಿನವೂ ಹಾಕಿ ಆಡಿದವಳಲ್ಲ.

ಮಾಸ್ತರರು ಸಂಬಳವಿಲ್ಲದ ಬಿನ್‌ಪಗಾರಿ ರಜೆ ಹಾಕಿ ಎರಡು ವರ್ಷ ಆಫ್ರಿಕದ ಒಂದು ಸಣ್ಣ ದೇಶಕ್ಕೆ ಹೋಗಿದ್ದರು. ಸ್ವಯಂಸೇವಕರಾಗಿ, ಊಟ, ವಸತಿ ಅಷ್ಟೇ. ಮೊದಲು ಶಾಲೆಯ ಮಕ್ಕಳಿಗೆ ಹಾಕಿ ಕಲಿಸಿದರು. ಬೇರೆ ಯಾರೂ ಇಲ್ಲದ್ದರಿಂದ ಆ ದೇಶದ ಹೆಣ್ಣುಮಕ್ಕಳ ತಂಡವೂ ಅವರ ಕೈಗೇ ಬಂತು. ಮರಳಿ ಬಂದ ಮೇಲೆ ಓಣಿಯ ನೇಕಾರರು ಬಿಡದೆ ಕಾಡುತ್ತಿದ್ದರು. "ಎಲ್ಲಾರೂ ಗಳಸಾಕ ಪರದೇಶಕ್ಕ ಹೋಗ್ತಾರ, ನಮ್ಮ ಮಾಸ್ತರ್ರು ಬೂಟು ಸವಸಾಕ ಹೋಗಿದ್ರು!"

"ಸವದದ್ದು ಬೂಟಲ್ಲಲೇ, ಗಂಟಲಾ," ಎನ್ನುತ್ತಿದ್ದರು ಅವರು.

ಅಲ್ಲಿಯ ಆಟಗಾರ್ತಿಯರು ಅವರಿಗೆ ಪತ್ರ ಬರೆಯುತ್ತಿದ್ದರು. ಮಾಸ್ತರರ ಇಂಗ್ಲಿಷು ಮೈದಾನದ್ದು: ಓಡು, ನಿಲ್ಲು, ಹೊಡಿ. ಹೀಗಾಗಿ ಪತ್ರ ಓದುವುದು, ಉತ್ತರ ಬರೆಯುವುದು ನನ್ನ ಪಾಲಿಗೆ ಬಂತು. ಆಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಶನಿವಾರ ರೈಲಿಳಿದು ಬಂದರೆ ಅವರು ಕಟ್ಟೆಯ ಮೇಲೆ, ಹಳೇ ಧೋತರದ ತುಂಡಿನಿಂದ ಕೋಲಿಗೆ ಎಣ್ಣೆ ತಿಕ್ಕುತ್ತ ಕಾಯುತ್ತಿದ್ದರು. ತಿಕ್ಕುತ್ತಲೇ ಹೇಳುವರು. ಒಂದು ವಿಷಯವನ್ನು ನಾಲ್ಕು ಸುತ್ತು ಸುತ್ತಿ ಹೇಳುವುದು ಅವರ ರೀತಿ. ಅದನ್ನು ಒಂದು ಸಾಲಿಗೆ ಇಳಿಸುವುದು ನನ್ನದು. ಆಗ ಅದರ ಬಗ್ಗೆ ನನಗೆ ಹೆಮ್ಮೆಯಿತ್ತು...

ಒಮ್ಮೆ ಗೋಲು ಕಾಯುವ ಹುಡುಗಿಯ ಪತ್ರ ಬಂತು. ನನ್ನದೇ ವಯಸ್ಸು. ಗೋಡೆಯ ಹಾಗೆ ಚೆಂಡು ದಾಟಗೊಡದವಳೆಂದು ಮಾಸ್ತರರು ಅವಳನ್ನು 'ನಮ್ಮ ಗ್ವಾಡಿ' ಎನ್ನುತ್ತಿದ್ದರು. ರಾಜಧಾನಿಯಲ್ಲಿ ಸೈನ್ಯದ ಗಲಾಟೆಯಾಗುತ್ತದೆಂಬ ಮಾತಿದೆ, ತಾಯಿ ಹಳ್ಳಿಗೆ ಬಾ ಎಂದು ಕರೆಯುತ್ತಿದ್ದಾಳೆ, ಹೋದರೆ ತರಬೇತಿ ಶಿಬಿರ ತಪ್ಪಿ ತಂಡದಲ್ಲಿ ಜಾಗ ಹೋಗುತ್ತದೆ, ಏನು ಮಾಡಲಿ ಎಂದು ಕೇಳಿದ್ದಳು.

"ತಾಯಿ ಕರದ್ರ ಹೋಗಬೇಕವ್ವಾ," ಎಂದರು ಮಾಸ್ತರರು. ಕೋಲನ್ನು ಮಗ್ಗುಲು ತಿರುವಿದರು. "ಆದ್ರ ಶಿಬಿರ ನಡುವ ಬಿಡೂದು ಛಲೋ ಅಲ್ಲ ಅಂತನೂ ಬರಿ. ಅಲ್ಲೆ ಗದ್ದಲ ಖರೇನ ಇದ್ರ... ಆಕೀಗೇ ತಿಳೀತೈತಿ ಅಂತ ಬರಿ."

ನಾನು ಪೆನ್ನು ಎತ್ತಿ ಹಿಡಿದಿದ್ದೆ. "ಹಿಂಗ ಬರದ್ರ ಆಕಿಗೇನು ತಿಳೀಬೇಕ್ರಿ ಮಾಸ್ತರ್? ಹೋಗಬೇಕೋ ಬ್ಯಾಡೋ? ಒಂದ ಮಾತಿನ್ಯಾಗ ಹೇಳ್ರಿ."

ಅವರು ಧೋತರದ ತುಂಡನ್ನು ಮತ್ತೆ ಎಣ್ಣೆಯಲ್ಲಿ ಅದ್ದಿದರು. "ಹಂಗಾದ್ರ... ಬ್ಯಾಡ ಅಂತ ಬರಿ ತಂಗಿ."

'ಹೋಗಬೇಡ. ಶಿಬಿರ ಮುಗಿಸು.' ದುಂಡಾದ ಅಕ್ಷರಗಳಲ್ಲಿ ಬರೆದೆ.

ಮುಂದಿನ ತಿಂಗಳು ರೇಡಿಯೋದ ಸುದ್ದಿಯಲ್ಲಿ ಆ ದೇಶದ ಹೆಸರು ಬಂತು. ಸೈನ್ಯ ಎರಡು ಪಾಲಾಗಿ ರಾಜಧಾನಿಯಲ್ಲೇ ಹೊಡೆದಾಡಿತ್ತು. ಆಮೇಲೆ ಅಲ್ಲಿಂದ ಅಂಚೆ ಬರುವುದೇ ನಿಂತಿತು. ಮಾಸ್ತರರು ದಿನಾಲು ಅಂಚೆಯವನ ದಾರಿಗೆ ಅಡ್ಡ ಹೋಗಿ ನಿಲ್ಲುತ್ತಿದ್ದರು. ಕೊನೆಗೆ ತಂಡದ ನಾಯಕಿಯ ಪತ್ರ ಬಂತು. ಕ್ರೀಡಾಂಗಣದ ಪಕ್ಕದ ವಸತಿಯಲ್ಲಿ ಶಿಬಿರಕ್ಕೆಂದು ಉಳಿದವರಲ್ಲಿ ಮೂವರು ಗುಂಡಿಗೆ ಸತ್ತಿದ್ದರು. ಗೋಲು ಕಾಯುವವಳು ಅವರಲ್ಲಿ ಒಬ್ಬಳು. ಊರಿಗೆ ಹೋದವರೆಲ್ಲ ಬದುಕಿದ್ದರು.

ಕನ್ನಡ ಮಾಡಿ ಓದಿ ಹೇಳಿದೆ. ಮಾಸ್ತರರು ಕೇಳಿದ್ದು ಒಂದೇ. "ನಮ್ಮ ಪತ್ರ ಆಕೀಗೆ ಮುಟ್ಟಿತ್ತಂತೇನು?"

ಮುಟ್ಟಿತ್ತು. ಕೋಚ್ ಬರೆದಿದ್ದಾರೆಂದು ಅದನ್ನು ಎಲ್ಲರಿಗೂ ತೋರಿಸಿ, ಕಟ್ಟಿದ್ದ ಚೀಲವನ್ನು ಮತ್ತೆ ಬಿಚ್ಚಿಟ್ಟಳು ಎಂಬ ಸಾಲು ನನ್ನ ಕಣ್ಣೆದುರಿಗೇ ಇತ್ತು.

"ಅದೇನೂ ಬರದಿಲ್ರಿ," ಎಂದೆ.

"ಹಂಗಾದ್ರ ಮುಟ್ಟಿರಾಕಿಲ್ಲ," ಎಂದು ಪತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಅಂದಿನಿಂದ ಅವರು ಸಂಜೆ ಮೈದಾನಕ್ಕೆ ಹೋಗುವುದನ್ನು ಬಿಟ್ಟರು. ಕೋಲಿಗೆ ಎಣ್ಣೆ ತಿಕ್ಕುವುದನ್ನು ಮಾತ್ರ ಬಿಡಲಿಲ್ಲ. ನನ್ನಿಂದ ಮತ್ತೆ ಯಾವ ಪತ್ರವನ್ನೂ ಬರೆಸಲಿಲ್ಲ. ನನಗದು ನೆಮ್ಮದಿಯೇ ಆಗಿತ್ತು...

ಕೋಲಿನ ಜೊತೆಗೆ ಚಿಗವ್ವ ಆ ಪತ್ರವನ್ನೂ ಕೊಟ್ಟರು. ನಾನು ಮುಚ್ಚಿಟ್ಟ ಸಾಲಿನ ಕೆಳಗೆ ಪೆನ್ಸಿಲ್ಲಿನ ಗೆರೆಯಿತ್ತು. ಅದರ ಪಕ್ಕದಲ್ಲಿ ಎಣ್ಣೆಯ ಬೆರಳಿನ ಗುರುತು.

"ಈ ಓಣ್ಯಾಗ ಯಾರಿಗೂ ತೋರಸಲಿಲ್ಲವ್ವಾ. ಹುಲಕೋಟಿಗೆ ಹೋಗಿ, ಅಲ್ಲಿ ಸಾಲಿ ಮಾಸ್ತರ ಕಡೆ ಓದಿಸಿಕೊಂಡು ಬಂದಿದ್ರು. ನಿನಗ ಹೇಳಬ್ಯಾಡಂತ ಆಣಿ ಹಾಕಿದ್ರು. ಆಕಿ ಯಾಕ ಹೊರಬೇಕು, ನಾ ಒಬ್ಬನ ಸಾಕು, ಅಂತಿದ್ರು."

ಐದು ವರ್ಷ ಅದೇ ಕಟ್ಟೆಯ ಮೇಲೆ ಅವರೊಡನೆ ಕುಳಿತು ಮಳೆಯ ಮಾತು, ಬಸ್ಸಿನ ಮಾತು ಆಡಿದ್ದೆ. ಅವರಿಗೆ ಎಲ್ಲವೂ ಗೊತ್ತಿತ್ತು. ಹೇಳಬೇಕಾದದ್ದನ್ನು ಕೇಳಿಸಿಕೊಳ್ಳಲು ಈಗ ಅವರಿಲ್ಲ.

ಮರುದಿನ ಬೆಳಿಗ್ಗೆ, ಮುಂಡರಗಿಯ ಅಂಚೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಒಂದು ಏರೋಗ್ರಾಂ ಕೊಂಡು, ಅಲ್ಲಿಯೇ ಗೋಂದಿನ ಮೇಜಿನ ಮೇಲೆ ನಾಯಕಿಯ ಹಳೆಯ ವಿಳಾಸ ಬರೆದೆ. ಒಳಗೆ ಇಷ್ಟೇ: 'ಗೋಲು ಕಾಯುತ್ತಿದ್ದವಳ ತಾಯಿಗೆ ದಯವಿಟ್ಟು ತಿಳಿಸಿ. ತಾಯಿ ಕರೆದರೆ ಹೋಗಬೇಕು ಎಂದೇ ಕೋಚ್ ಮೊದಲು ಹೇಳಿದ್ದರು. ಅದನ್ನು ನಾನು ಬರೆಯಲಿಲ್ಲ.'