ಮೂರು ಇಂಚು ಎಳೆದ ನಕ್ಷೆ

ಕೊರೊನಾ ತಗ್ಗಿ ಕಾಲೇಜುಗಳು ಮತ್ತೆ ತುಂಬಿದ ವರ್ಷ. ನಾನಾಗ ಹುಕ್ಕೇರಿ ತಾಲ್ಲೂಕಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸುವ ಹಿರಿಯ ಉಪನ್ಯಾಸಕಿ. ಇಪ್ಪತ್ತೊಂಬತ್ತು ವರ್ಷ ಸೇವೆ ಮುಗಿದಿತ್ತು, ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಗೋಕಾಕದ ಮನೆಯಿಂದ ಬೆಳಿಗ್ಗೆ ಬಸ್ಸು ಹಿಡಿದರೆ ಸಂಜೆ ಮರಳುವುದು. ವೃತ್ತ, ಕೋನ, ಪಂಚಭುಜಗಳಲ್ಲಿ ನಾನು ಹೊಸದಾಗಿ ಕಲಿಯುವುದು ಏನೂ ಉಳಿದಿಲ್ಲ ಎಂದೇ ನಂಬಿದ್ದೆ.

ಆ ದಿನಗಳಲ್ಲಿ ದಸ್ತಗೀರ ಕಾಕಾ ನನ್ನನ್ನು ಹುಡುಕಿಕೊಂಡು ಕಾಲೇಜಿಗೆ ಬಂದರು. ಮೂಡಲಗಿಯ ಬಡಗಿ ಅವರು, ವಯಸ್ಸು ಅರವತ್ತೈದರ ಆಚೆ. ನಮ್ಮ ವಿಭಾಗದ ಡ್ರಾಯಿಂಗ್ ಟೇಬಲ್ಲುಗಳೆಲ್ಲ ಅವರ ಕೈಯಲ್ಲೇ ಆದವು. ಜೇಬಿನಿಂದ ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದರು. ಅವರ ಓಣಿಯ ಮಸೀದಿ ಕಮಿಟಿಯ ಹಿರಿಯರಾದ ಹಾಜಿಸಾಬರು ಮೆಕ್ಕಾದ ಉಮ್ರಾ ಯಾತ್ರೆ ಮುಗಿಸಿ ಬರುವಾಗ ಇಸ್ತಾಂಬುಲ್‌ನಲ್ಲಿ ಎರಡು ದಿನ ಇಳಿದಿದ್ದರಂತೆ. ಅಲ್ಲಿಯ ಹಳೆಯ ಮಸೀದಿಯೊಂದರ ಮಿಂಬರ್, ಅಂದರೆ ಶುಕ್ರವಾರ ಇಮಾಮರು ನಿಂತು ಮಾತಾಡುವ ಮೆಟ್ಟಿಲುಪೀಠ, ಆ ಫೋಟೊದಲ್ಲಿತ್ತು. ಕಪ್ಪುಗಟ್ಟಿದ ಮರದ ಮೇಲೆ ಹತ್ತು ಮೂಲೆಯ ನಕ್ಷತ್ರ, ಅದರ ಸುತ್ತ ಹತ್ತು ಎಸಳು, ಎಸಳುಗಳ ನಡುವಿನಿಂದ ಹೊರಟ ಪಟ್ಟಿಗಳು ಇನ್ನೊಂದು ನಕ್ಷತ್ರಕ್ಕೆ. ಆಟೊಮನ್ ತುರ್ಕರ ಕಾಲದ ಬಡಗಿಗಳು ಇದನ್ನು ಕುಂದೇಕಾರಿ ಎನ್ನುತ್ತಿದ್ದರೆಂದು ಆಮೇಲೆ ಓದಿ ತಿಳಿದೆ. ಚಿಕ್ಕ ಚಿಕ್ಕ ತುಂಡುಗಳು, ಗಾಡಿಗೆ, ಅಂದರೆ ಅಂಚಿನಲ್ಲಿ ಕೊರೆದ ತೋಡಿಗೆ, ನಾಲಗೆ ಸೇರಿಸುವಂತೆ ಒಂದರೊಳಗೊಂದು ಕೂರುತ್ತವೆ. ಮೊಳೆಯಿಲ್ಲ, ಅಂಟಿಲ್ಲ.

“ನಮ್ಮ ಮಿಂಬರಿನ ಬೆನ್ನಿಗೆ ಇಂಥಾದ್ದೊಂದು ಫಲಕ ಆಗಬೇಕು ಅಂತಾರ. ನೀವು ಕಾಗದದ ಮ್ಯಾಲ ತೆಗದು ಕೊಡ್ರಿ ಅಕ್ಕಾರ. ಕಟ್ಟಗಿ ಕೆಲಸಾ ನಾ ನೋಡ್ಕೋತೀನಿ” ಎಂದರು ಕಾಕಾ.

ಚೌಕಟ್ಟನ್ನು ಅವರು ಆಗಲೇ ಮಾಡಿಟ್ಟಿದ್ದರು. ಒಳ ಅಳತೆ ಇಪ್ಪತ್ತನಾಲ್ಕು ಇಂಚು ಅಗಲ, ಮೂವತ್ತಾರು ಇಂಚು ಎತ್ತರ. ಮರ ಮಾತ್ರ ಲೆಕ್ಕದ್ದು. ಮಸೀದಿಗೆ ಸ್ಲ್ಯಾಬ್ ಹಾಕುವಾಗ ಇಳಿಸಿದ ಹಳೆಯ ಸಾಗವಾನಿ ತೊಲೆ, ಅದೊಂದೇ. ಅಜ್ಜ ಮುತ್ತಜ್ಜರು ಅದರ ಕೆಳಗೆ ನಮಾಜು ಮಾಡಿದ್ದರು. ಬೇರೆ ಮರ ಬೇಡ ಎಂದು ಊರವರು ಹೇಳಿದ್ದರು.

ನಾನು ಫೋಟೊವನ್ನು ಕಂಪ್ಯೂಟರಿಗೆ ಹಾಕಿ, ಕ್ಯಾಡ್‌ನಲ್ಲಿ ಗೆರೆ ಗೆರೆಯಾಗಿ ಎಳೆದು, ಓರೆಕೋರೆ ತಿದ್ದಿದೆ. ಎರಡು ಸಂಜೆಯ ಕೆಲಸ. ಅಗಲ ಇಪ್ಪತ್ತನಾಲ್ಕಕ್ಕೆ ಹೊಂದಿಸಿದಾಗ ಎತ್ತರ ಮೂವತ್ತಮೂರಕ್ಕೆ ನಿಂತಿತು. ಮೊಬೈಲ್ ಫೋಟೊ, ಕುಗ್ಗಿರಬೇಕು ಅಂದುಕೊಂಡೆ. ಮೇಲಂಚು ಹಿಡಿದು ಮೂವತ್ತಾರರವರೆಗೆ ಎಳೆದುಬಿಟ್ಟೆ. ಮೂರೇ ಇಂಚು, ಯಾರ ಕಣ್ಣಿಗೆ ಬಿದ್ದೀತು? ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಕಳಿಸಿಕೊಟ್ಟೆ.

ಹದಿನೈದು ದಿನದ ಮೇಲೆ ಕಾಕಾರ ಫೋನ್ ಬಂತು. ಧ್ವನಿ ಎಂದಿನಂತಿರಲಿಲ್ಲ. “ಬಿಡುವಿದ್ರ ಒಮ್ಮಿ ಬಂದು ಹೋಗ್ರಿ.” ಭಾನುವಾರ ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಮೂಡಲಗಿಗೆ ಹೋದೆ.

ಕಾಕಾರ ಬಡಗಿ ಕಾರ್ಖಾನೆಯ ಬೆಂಚಿನ ಮೇಲೆ ನಕ್ಷತ್ರ ಮಲಗಿತ್ತು. ಹತ್ತು ಎಸಳನ್ನು ಒತ್ತೊತ್ತಾಗಿ ಜೋಡಿಸಿದ್ದರು. ಆದರೆ ಮೊದಲ ಎಸಳಿಗೂ ಹತ್ತನೆಯದಕ್ಕೂ ನಡುವೆ ಅರ್ಧ ಎಸಳಿಗಿಂತ ಹೆಚ್ಚು ಬಾಯಿ ತೆರೆದುಕೊಂಡಿತ್ತು.

“ನಿಮ್ಮ ಹಾಳಿಯೊಳಗಿಂದು ಒಂದು ಎಸಳು ತೊಗೊಂಡು, ಅದ ಅಳತಿಗೆ ಹತ್ತೂ ಕೊಯ್ದೀನ್ರಿ. ಒಂದರ ಮ್ಯಾಲೊಂದು ಇಟ್ಟು ನೋಡ್ರಿ, ಕೂದಲದಷ್ಟು ಫರಕ್ ಇಲ್ಲ. ಕೂಡಿಸಿದ್ರ ಮಾತ್ರ ಹಿಂಗ” ಎಂದರು. ಆಮೇಲೆ ತಮ್ಮ ಅಂಗೈ ನೋಡಿಕೊಂಡರು. “ಕೈ ಸೋತಾವು ಅನಸ್ತೈತಿ. ಹಾಜಿಸಾಬರು ಬೆಳಗಾವ್ಯಾಗ ಮಶೀನ್ ಮ್ಯಾಲ ಕೊರಸಿ ತರತೀನಿ ಅನ್ನಾಕತ್ತಾರ. ಹೂಂ ಅಂದಬಿಡ್ಲೇನ್ರಿ? ಉಳಿ ಇಟ್ಟಬಿಡ್ತೀನಿ.”

ನಾನು ಗೋಡೆಗೆ ಅಂಟಿಸಿದ್ದ ನನ್ನ ಹಾಳೆಯ ಮೇಲೆ ಕೋನಮಾಪಕ ಇಟ್ಟೆ. ಸುತ್ತಿನ ಮುನ್ನೂರ ಅರವತ್ತು ಡಿಗ್ರಿಯಲ್ಲಿ ಹತ್ತು ಎಸಳಿಗೆ ತಲಾ ಮೂವತ್ತಾರು ಬರಬೇಕು. ಮೇಲಿನ ಎಸಳು ಮೂವತ್ತನಾಲ್ಕೂ ಇರಲಿಲ್ಲ. ಬಲಬದಿಗೆ ಅಡ್ಡ ಚಾಚಿದ್ದು ಮೂವತ್ತೊಂಬತ್ತು. ಮೂರು ಇಂಚು ಎಳೆದಾಗ ನಾನು ಎಲ್ಲ ಕೋನಗಳನ್ನೂ ಎಳೆದಿದ್ದೆ. ಕಾಕಾ ಮೇಲಿನ ಎಸಳನ್ನು ನಂಬಿ ಹತ್ತನ್ನೂ ಕೊಯ್ದಿದ್ದರು.

ಸುಮ್ಮನಿರಬಹುದಿತ್ತು ಎಂಬುದನ್ನು ಇಲ್ಲಿ ಬಚ್ಚಿಡುವುದಿಲ್ಲ. ಕಾಕಾ ತಮ್ಮ ಕೈಯನ್ನೇ ದೂರಿಕೊಂಡಿದ್ದರು, ಮಶೀನಿನ ಫಲಕ ಬಂದು ಕೂತರೆ ನನ್ನ ಹಾಳೆಯನ್ನು ಯಾರೂ ಮತ್ತೆ ನೋಡುತ್ತಿರಲಿಲ್ಲ. ಒಂದೆರಡು ಕ್ಷಣ ಆ ಯೋಚನೆ ಬಂದು ಹೋಯಿತು. ಅವರು ಇನ್ನೂ ಅಂಗೈ ನೋಡುತ್ತಲೇ ಇದ್ದರು.

“ಕಾಕಾ, ತಪ್ಪು ನಿಮ್ಮ ಕೈದಲ್ಲ. ನಂದು. ನಕ್ಷಾ ಮೂರು ಇಂಚು ಗಿಡ್ಡ ಬಂದಿತ್ತು. ನಾನ ಎಳದು ಉದ್ದ ಮಾಡೀನಿ.”

ಅವರು ಕೊಯ್ದ ಎಸಳೊಂದನ್ನು ತೆಗೆದು ಮೂಸಿದರು. “ಕಟ್ಟಗಿ ಹೋತಲ್ರಿ ಅಕ್ಕಾರ” ಎಂದರು. ಉಳಿದ ತೊಲೆಯಲ್ಲಿ ಒಂದು ಫಲಕಕ್ಕೆ ಮಾತ್ರ ಸಾಲುವಷ್ಟು ಮರವಿತ್ತು. ಆಮೇಲೆ ತಲೆ ಎತ್ತಿ ಕೇಳಿದರು: “ಹಂಗಾರ ಖರೆ ಅಳತಿ ಯಾವುದ್ರಿ?”

ನನಗೆ ಗೊತ್ತಿರಲಿಲ್ಲ. ಮೂವತ್ತಮೂರು ಯಾಕೆ ಬಂತು ಎಂದು ನಾನು ಕೇಳಿಕೊಂಡೇ ಇರಲಿಲ್ಲವಲ್ಲ!

“ನೆಲಾ ಬಳೀರಿ” ಎಂದೆ. ಕಾಕಾ ಮರದ ಹೊಟ್ಟು ಗುಡಿಸಿದರು. ಒಂದು ಮೊಳೆ, ಸುತಳಿ, ಸೀಮೆಸುಣ್ಣ ಹಿಡಿದು ಸಿಮೆಂಟು ನೆಲದ ಮೇಲೆ ಕೂತೆವು. ಫಲಕದ ನಡುಮಧ್ಯೆ ಒಂದು ನಕ್ಷತ್ರ, ನಾಲ್ಕು ಮೂಲೆಗೆ ಕಾಲು ಕಾಲು ನಕ್ಷತ್ರ. ಹಾಗಾಗಿ ಫಲಕದ ಕಾಲುಭಾಗ ಬಿಡಿಸಿದರೆ ಸಾಕು, ಉಳಿದದ್ದು ಅದರ ಕನ್ನಡಿಬಿಂಬ. ಮಧ್ಯದ ಬಿಂದುವಿನಿಂದ ತೊಂಬತ್ತು ಡಿಗ್ರಿಯ ಒಂದು ಮೂಲೆಮಟ್ಟದ ಕೋನ ಹಾಕಿದೆ. ಅರ್ಧ ಎಸಳಿಗೆ ಹದಿನೆಂಟು ಡಿಗ್ರಿಯಾದರೆ ಆ ತೊಂಬತ್ತರಲ್ಲಿ ಐದು ಅರ್ಧ ಎಸಳು. ಕೋನವನ್ನು ಐದು ಸಮಪಾಲು ಮಾಡಬೇಕು. ಅದನ್ನು ಬರೀ ದಾರದಿಂದ ಮಾಡುವ ಬಗೆ ಪಂಚಭುಜದ ಪಾಠದಲ್ಲೇ ಇದೆ. ವರ್ಷ ವರ್ಷ ಹೇಳಿಕೊಟ್ಟಿದ್ದೆ. ಇದು ಯಾತಕ್ಕೆ ಎಂದು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ದಾರದ ಒಂದು ತುದಿ ಕಾಕಾರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಬೀಸಣಿಗೆಯಂತೆ ನಾಲ್ಕು ಗೆರೆ ಹೊರಟವು. ಅಗಲದ ಅರ್ಧ ಹನ್ನೆರಡು ಇಂಚಿಗೆ ನೆಟ್ಟಗೆ ಒಂದು ಗೆರೆ ನಿಲ್ಲಿಸಿದೆ. ಅಡ್ಡಗೆರೆಯಿಂದ ಎಣಿಸಿದರೆ ಮೂರನೆಯ ಗೆರೆ, ಫೋಟೊದಲ್ಲಿ ಮೂಲೆಯ ನಕ್ಷತ್ರದ ಕಡೆ ಹೋಗುವಂಥದು, ಹೋಗಿ ಅದನ್ನು ಮುಟ್ಟಿತು. ಅಲ್ಲಿಯ ಎತ್ತರವನ್ನು ಕಾಕಾ ಟೇಪು ಹಿಡಿದು ನೋಡಿದರು. ಹದಿನಾರೂವರೆ ಇಂಚು. ಇಮ್ಮಡಿ ಮಾಡಿದರೆ ಮೂವತ್ತಮೂರು.

ಆ ಮೂಲೆಯಿಂದಲೂ ಅಂಥದೇ ಬೀಸಣಿಗೆ ಬಿಡಿಸಿದೆವು. ಎರಡು ಕಡೆಯ ಗೆರೆಗಳು ನಡುದಾರಿಯಲ್ಲಿ ಒಂದನ್ನೊಂದು ಕತ್ತರಿಸಿದವು. ಕತ್ತರಿಸಿದ ಕಡೆಗಳನ್ನು ಸೇರಿಸುತ್ತ ಹೋದಂತೆ ಎಸಳು ಬಂತು, ಪಟ್ಟಿ ಬಂತು, ಐದು ಮೂಲೆಯ ಒಂದು ತುಂಡು ಬಂತು. ನಾವು ಯಾವುದಕ್ಕೂ ಅಳತೆ ಕೊಟ್ಟಿರಲಿಲ್ಲ. ಸುಣ್ಣದ ಗೆರೆಯೊಳಗೆ ಇಸ್ತಾಂಬುಲಿನ ಆ ಫೋಟೊ ಮೂಡಿ ನಿಂತಿತ್ತು. ದಾರ, ಮೊಳೆ ಮಾತ್ರ ಇದ್ದ ಯಾರೋ ಬಡಗಿಗಳು, ಎಷ್ಟೋ ತಲೆಮಾರಿನ ಹಿಂದೆ, ಇದೇ ಗೆರೆಯ ಮೇಲೆ ಮಂಡಿಯೂರಿ ಕೂತಿದ್ದರು.

“ಯಾರೂ ತಂದಿಟ್ಟದ್ದಲ್ರಿ ಇದು” ಎಂದರು ಕಾಕಾ ಮೆಲ್ಲಗೆ. “ತಾನ ಬಂದೈತಿ.”

ಅಷ್ಟರಲ್ಲಿ ಹಾಜಿಸಾಬರು ಬಂದರು. ಬಾಗಿಲಲ್ಲೇ ಶುರುಮಾಡಿದರು: “ದಸ್ತಗೀರ, ರಮಜಾನ್ ಹತ್ರ ಬಂತು. ಮಶೀನಿಗೆ ಹೇಳಿಬಿಡ್ತೀನಿ.” ಒಳಗೆ ಹೆಜ್ಜೆ ಇಡುವವರು ನೆಲ ನೋಡಿ ನಿಂತರು. ಕಾಲಿನ ಚಪ್ಪಲಿ ಬಿಚ್ಚಿ ಹೊಸ್ತಿಲಾಚೆ ಇಟ್ಟು, ಗೆರೆ ತುಳಿಯದಂತೆ ಗೋಡೆ ಹಿಡಿದು ಸುತ್ತಿಬಂದರು.

“ಇದನ್ನ ಇಲ್ಲೇ ತೆಗದ್ರೇನು?”

“ಹೌದ್ರಿ. ಈಗಷ್ಟ.”

“ಮಾಡು ಹಂಗಾರ. ರಮಜಾನ್ ಚಾಂದ್ ಕಾಣೂತನಕಾ ಯಾರೂ ಏನೂ ಕೇಳಂಗಿಲ್ಲ” ಎಂದು ಅವರು ಹೊರಟರು.

ಕಾಕಾ ಎದ್ದು ಗರಗಸ ತೆಗೆದರು. ತಾವೇ ಬೆಸೆದಿದ್ದ ಚೌಕಟ್ಟನ್ನು ಬಿಚ್ಚಿ, ನಿಲುವುಗಳಿಂದ ಮೂರು ಮೂರು ಇಂಚು ಕೊಯ್ದುಹಾಕಿದರು. “ಚೌಕಟ್ಟು ನಾ ಮೊದಲ ಮಾಡಬಾರದಿತ್ತು. ಇಬ್ಬರದೂ ಅರ್ಧರ್ಧ ತಪ್ಪು ಅಂತ ತಿಳೀರಿ.”

ಕೆಲಸ ಇಪ್ಪತ್ತೆರಡು ದಿನ ಹಿಡಿಯಿತು. ಭಾನುವಾರಗಳಂದು ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಆಗ ಕಲಿಸುವವರು ಅವರು. ಪ್ರತಿ ತುಂಡಿನ ಅಂಚಿಗೆ ಗಾಡಿ ತೆಗೆದು, ಪಟ್ಟಿಯ ನಾಲಗೆ ಅದರಲ್ಲಿ ತುಸು ಸಡಿಲವಾಗಿ ಕೂರುವಂತೆ ಉಜ್ಜುತ್ತಿದ್ದರು. ಸಡಿಲ ಯಾಕೆಂದು ಕೇಳಿದ್ದಕ್ಕೆ, “ಮಳಿಗಾಲದಾಗ ಕಟ್ಟಗಿ ಉಬ್ಬತೈತ್ರಿ, ಬ್ಯಾಸಿಗ್ಯಾಗ ಕುಗ್ಗತೈತಿ. ಅಂಟು ಹಾಕಿದ್ರ ಸೀಳತೈತಿ. ಉಸರಾಡಾಕ ಜಾಗಾ ಬಿಡಬೇಕು” ಎಂದರು. ಕಾಗದದ ಮೇಲಿನ ಗೆರೆಗೆ ದಪ್ಪವಿಲ್ಲ, ಋತುವೂ ಇಲ್ಲ. ಮರದಲ್ಲಿ ಅದೇ ಗೆರೆಗೆ ಮಳೆಗಾಲವಿತ್ತು.

ಕೊನೆಯ ಭಾನುವಾರ ಜೋಡಣೆ. ಮಧ್ಯದ ನಕ್ಷತ್ರದಿಂದ ಶುರುವಾಗಿ ಸುತ್ತು ಸುತ್ತಾಗಿ ಹೊರಕ್ಕೆ. ಹತ್ತನೆಯ ಎಸಳು ಮೊದಲನೆಯದರ ಪಕ್ಕ ಬಂತು. ಸುತ್ತಿಗೆ ಬೇಕಾಗಲಿಲ್ಲ, ಕಾಕಾ ಹೆಬ್ಬೆರಳಿಂದ ಒತ್ತಿದರು. ಮುಚ್ಚಿಕೊಂಡಿತು. ಅಂಚಿನ ತುಂಡುಗಳನ್ನು ಚೌಕಟ್ಟು ಹಿಡಿಯಿತು. ಫಲಕವನ್ನು ಎತ್ತಿ ಅಲುಗಾಡಿಸಿದಾಗ ಒಳಗಿನ ತುಂಡುಗಳೆಲ್ಲ ಒಟ್ಟಿಗೆ ಸಣ್ಣಗೆ ಸದ್ದು ಮಾಡಿದವು, ಆದರೆ ಒಂದೂ ಜಾಗ ಬಿಡಲಿಲ್ಲ. ಕಾಕಾ ಕಣ್ಣೊರೆಸಿಕೊಂಡು ಒಳಗೆ ಚಹಾಕ್ಕೆ ಹೇಳಿದರು.

ಉಳಿದ ಎರಡು ವರ್ಷ ನನ್ನ ತರಗತಿಯಲ್ಲಿ ಒಂದು ಬದಲಾವಣೆಯಾಯಿತು. ಯಾರದಾದರೂ ಅಳತೆ ಎಣಿಸಿದಂತೆ ಬಾರದಿದ್ದರೆ ಮೊದಲಿನಂತೆ “ತಿದ್ದು” ಎನ್ನುತ್ತಿರಲಿಲ್ಲ. “ಯಾಕೆ ಹೀಗೆ ಬಂತು, ಅದನ್ನು ಮೊದಲು ಹುಡುಕು” ಎನ್ನುತ್ತಿದ್ದೆ. ಮೂವತ್ತಾರು ಇಂಚಿನ ಆ ತಪ್ಪು ಹಾಳೆಯನ್ನು ಪ್ರತಿ ವರ್ಷ ಮೊದಲ ದಿನ ಬೋರ್ಡಿಗೆ ಹಚ್ಚಿ, ಎಳೆದವಳು ನಾನೇ ಎಂದು ಹೇಳುತ್ತಿದ್ದೆ. ಬಂದ ಅಂಕಿ ನಮ್ಮ ಚೌಕಟ್ಟಿಗೆ ಹೊಂದದಿದ್ದಾಗ ಅದನ್ನು ಎಳೆಯುವ ಮುನ್ನ ಅದರ ಮಾತು ಕೇಳಬೇಕು. ನನ್ನ ವೃತ್ತಿ ಈ ಪಾಠವನ್ನು ನನಗೆ ಬಹಳ ತಡವಾಗಿ ಕಲಿಸಿತು.

ಆ ವರ್ಷವೇ, ಫಲಕವನ್ನು ಮಿಂಬರಿಗೆ ಕೂರಿಸಿದ ಮೇಲೆ ಒಂದು ಬೆಳಿಗ್ಗೆ, ನಮಾಜಿನ ಹೊತ್ತಲ್ಲದಾಗ, ಹಾಜಿಸಾಬರೇ ಕಾಕಾರನ್ನೂ ನನ್ನನ್ನೂ ಮಸೀದಿಯೊಳಗೆ ಕರೆದರು. ಕಿಟಕಿಯ ಬಿಸಿಲು ಫಲಕದ ಮೇಲೆ ಓರೆಯಾಗಿ ಬಿದ್ದಿತ್ತು. ಕಣ್ಣು ಒಂದು ಪಟ್ಟಿಯ ಬೆನ್ನು ಹತ್ತಿ ಹೋದರೆ ಅದು ತಿರುಗಿ, ಇನ್ನೊಂದರಡಿ ನುಸುಳಿ, ಅಂಚಿಗೆ ಬಂದು ನಿಲ್ಲುತ್ತಿತ್ತು. ಮೂಲೆಗಳಲ್ಲಿ ಕಾಲು ಕಾಲು ನಕ್ಷತ್ರಗಳು ಮಾತ್ರ.

ಹಾಜಿಸಾಬರು ಆ ಮೂಲೆಗೆ ಬೊಟ್ಟು ಮಾಡಿ ಕೇಳಿದರು: “ಉಳಿದದ್ದು ಎಲ್ಲಿ ಹೋತೋ ದಸ್ತಗೀರ?”

ಕಾಕಾ ಫಲಕದಾಚೆಯ ಬರಿ ಗೋಡೆಯ ಮೇಲೆ ಬೆರಳಿಂದ ಒಂದು ಸುತ್ತು ಎಳೆದರು. “ಇಲ್ಲೇ ಐತ್ರಿ. ನಾವು ಇಷ್ಟಕ್ಕ ಮಾತ್ರ ಕಟ್ಟಗಿ ಹಚ್ಚೀವಿ.”