ಕೂಸಿನ ಕೌದಿಗೆ ತಂದ ಹಳೇ ಸೀರೆ

ಎಪ್ಪತ್ತೆಂಟನೆಯ ಇಸವಿಯ ಚಳಿಗಾಲ, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ. ಇಳಕಲ್ಲಿನ ಪೇಟೆಯಲ್ಲಿ ಹಳೇ ಬಟ್ಟೆ ಮಾರುವ ಹೆಂಗಸಿನ ಮುಂದೆ ಅವ್ವ ಮತ್ತು ನಾನು ಕುಳಿತಿದ್ದೆವು.

ಹಿಂದಿನ ದಿನ ಮನೆಯಲ್ಲಿ ತಂಗಿ ಹಡೆದಿದ್ದಳು. ತಿಂಗಳು ತುಂಬುವ ಮೊದಲೇ ಬಂದ ಕೂಸು. ಹೊಸ ಬಟ್ಟೆ ತಾಗಿದಲ್ಲೆಲ್ಲ ಮೈ ಕೆಂಪಾಗುತ್ತಿತ್ತು. ನಮ್ಮಲ್ಲಿ ಕೂಸನ್ನು ಮಲಗಿಸುವುದು ಹಳೇ ಸೀರೆ ಮಡಿಸಿ ಹೊಲಿದ ಕೌದಿಯ ಮೇಲೆ. ಹೆರಿಗೆಗೆ ಇನ್ನೂ ದಿನವಿದೆ ಎಂದುಕೊಂಡು ಅವ್ವ ಇದ್ದ ಹಳೇ ಸೀರೆಗಳನ್ನೆಲ್ಲ ಪಾತ್ರೆ ಮಾರುವವಳಿಗೆ ಹಾಕಿ ಸ್ಟೀಲಿನ ಕೊಡ ತೆಗೆದುಕೊಂಡಿದ್ದಳು. ಓಣಿಗೆಲ್ಲ ಆ ಕೊಡ ತೋರಿಸಿ ಬಂದವಳು, ಈಗ ಅದೇ ಬಾಗಿಲುಗಳಿಗೆ ಹೋಗಿ ಚಿಂದಿ ಕೇಳಲು ಒಲ್ಲೆ ಎಂದಳು.

ಕೂಸಿನ ಸುದ್ದಿ ಎತ್ತಬೇಡ, ಎತ್ತಿದರೆ ರೇಟು ಏರುತ್ತದೆ ಎಂದು ನನಗೆ ದಾರಿಯಲ್ಲೇ ತಾಕೀತು ಮಾಡಿದ್ದಳು. ಮೆತ್ತಗಿನ ನೀಲಿ ಸೀರೆಯೊಂದನ್ನು ಎತ್ತಿ ಬಿಸಿಲಿಗೆ ಹಿಡಿದಳು.

“ಇಲ್ಲಿ ತೂತ, ಇಲ್ಲಿ ಕಲಿ, ಸೆರಗಂತೂ ಬಿಟ್ಟ ಹೋಗೇತಿ. ಉಡೂದು ಹೆಂಗ?”

“ಸೀರಿ ನೋಡಾಕ ಬಂದೀರೋ, ತೂತ ನೋಡಾಕ ಬಂದೀರೋ ಅವ್ವಾರ?”

ಎಳೆದಾಡಿ ರೇಟು ಕುದುರಿತು. ಆಗ ಅವ್ವ ಮೈಮರೆತು ಸೀರೆಯನ್ನು ಕೆನ್ನೆಗೆ ಒತ್ತಿ ನೋಡಿದಳು. ರೊಕ್ಕಕ್ಕೆ ಚಾಚಿದ್ದ ಮಾರುವವಳ ಕೈ ಅಲ್ಲೇ ನಿಂತಿತು.

“ಕೂಸಿಗೇನ್ರಿ?”

ಅವ್ವ ಹೌದೆಂದು ತಲೆಯಾಡಿಸಿದಳು. ಮಾರುವವಳು ಸೀರೆಯನ್ನು ಹಿಂದಕ್ಕೆ ಎಳೆದುಕೊಂಡಳು.

“ಮೊದಲ ಹೇಳಬಾರದೇನ್ರಿ? ಇದು ಬ್ಯಾಡ. ಇದನ್ನ ಉಟ್ಟಾಕಿ ಹಡಿಯುವಾಗ ತೀರಿಕೊಂಡಾಳ.”

ಅವ್ವ ಹುಡುಕಿದ ಕುಂದುಗಳಲ್ಲಿ ಅದಿರಲಿಲ್ಲ. ಬಿಸಿಲಿಗೆ ಎಷ್ಟು ಹಿಡಿದರೂ ಕಾಣುವಂಥದ್ದಲ್ಲ. ಸುಮ್ಮನೆ ಮಾರಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ.

ಆಕೆ ಎದ್ದು, ತಾನು ಕುಳಿತಿದ್ದ ಮಡಿಸಿದ ಸೀರೆಯನ್ನು ಕೊಡವಿದಳು.

“ಇದು ನಮ್ಮ ಅತ್ತೀದು. ಆಕಿ ಹಡದ ಮಕ್ಕಳು ಎಲ್ಲಾರೂ ಅದಾರ. ಆಕಿನೂ ಗಟ್ಟಿ ಅದಾಳ, ದಿನಾ ನನ್ನ ಬೈತಾಳ. ಒಯ್ಯಿರಿ.”

ಅವ್ವ ಕುದುರಿದ ರೊಕ್ಕವನ್ನೇ ಚಾಚಿದಳು.

“ಅಷ್ಟ ಬ್ಯಾಡ್ರಿ. ತೂತ ನೋಡ್ರಿಲ್ಲೆ.”

“ಎಲ್ಲೈತಿ ತೂತ?”

“ಬೆರಳ ಹೋಗತೈತಿ, ನೋಡ್ರಿ.”

“ಗಾಳಿ ಆಡತೈತಿ ಬಿಡವಾ, ಕೂಸಿಗೆ ಚಲೋನ.”

ಕೊನೆಗೆ ಅವ್ವನೇ ಸೋತು ಅರ್ಧ ಕೊಟ್ಟಳು. ಮಾರುವವಳು ತೂತು ತೋರಿಸುವುದು, ಕೊಳ್ಳುವವಳು ಇಲ್ಲವೆನ್ನುವುದು: ಅಂಥ ವ್ಯಾಪಾರವನ್ನು ಬಾಗಲಕೋಟೆ, ಹುನಗುಂದ, ಬಾದಾಮಿ ಪೇಟೆಗಳಲ್ಲಿ ಎಲ್ಲೂ ನಾನು ಮತ್ತೆ ಕಾಣಲಿಲ್ಲ.

ಮನೆಗೆ ಬಂದು ಸೀರೆ ಕುದಿಸಿ, ಒಗೆದು, ಒಣಗಿಸಿದೆವು. ಮಡಿಸುವಾಗ ತೂತುಗಳನ್ನು ಒಳಪದರಕ್ಕೆ ತಳ್ಳಿ ಇಬ್ಬರೂ ಎರಡು ಕಡೆಯಿಂದ ಹೊಲಿಯುತ್ತ ಬಂದೆವು. ದೀಪ ಹಚ್ಚುವ ಹೊತ್ತಿಗೆ ಕೂಸನ್ನು ಅದರ ಮೇಲೆ ಮಲಗಿಸಿದೆವು. ಸ್ವಲ್ಪ ಹೊತ್ತಿನ ಮೇಲೆ ಅವ್ವ ಮೆಲ್ಲಗೆ ಹೊರಳಿಸಿ ಬೆನ್ನು ನೋಡಿದಳು. ಕೆಂಪಾಗಿರಲಿಲ್ಲ. ನಾನು ಉಳಿದ ದಾರ ಸುತ್ತಿ, ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಿದೆ.