ಕಿವಿರಾಯ ಆಂಪ್ಲಿಫೈಯರ್ ಆರಿಸಿದ್ದು

ಅವನು ಕಟ್ಟುಹಲ್ಲು ಮಾಡುವವನು. ಹಲ್ಲಿನ ಡಾಕ್ಟರು ಕಳಿಸಿದ ಅಚ್ಚಿನ ಮೇಲೆ ಮೇಣ ಹುಯ್ದು, ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುವುದು ಅವನ ಕಸುಬು. ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಕಚ್ಚಿದವರಿಗೆ ತಿಳಿದುಬಿಡುತ್ತದೆ, ಹಾಗಾಗಿ ಕೈ ಮಾತ್ರ ಬಲು ಕಟ್ಟುನಿಟ್ಟು. ಆ ಕೈಯ ಗುಣ ಕಿವಿಗೂ ಇಳಿದಿದೆ ಎಂದು ತನಗೆ ತಾನೇ ಹೇಳಿಕೊಂಡು, ಆಮೇಲೆ ಅದನ್ನು ನಂಬಿಯೂ ಬಿಟ್ಟ. ಉಜ್ಜುವ ಮೋಟಾರು ಬೆಳಗಿನಿಂದ ಸಂಜೆಯವರೆಗೆ ಮೂಗಿನ ಮುಂದೆ ಕಿರಿಗುಟ್ಟುತ್ತಿತ್ತು. ಅದರಿಂದ ಕಿವಿ ಸವೆಯುವುದು ಬೇರೆಯವರಿಗೆ ಎಂಬುದು ಅವನ ಲೆಕ್ಕ. ಗೆಳೆಯರು ಅವನಿಗೆ ಕಿವಿರಾಯ ಎಂದು ಹೆಸರಿಟ್ಟರು. ಅದನ್ನವನು ಬಿರುದು ಎಂದು ತಿಳಿದ.

ಮದುವೆಯ ಮಾತು ಬಂದಾಗೆಲ್ಲ ಮನೆಯಲ್ಲಿ ಜಾಗ ಸಾಲದು ಎನ್ನುತ್ತಿದ್ದ. ಸೊಂಟದೆತ್ತರದ ಎರಡು ಸ್ಪೀಕರುಗಳಿಗೆ ಮಾತ್ರ ಜಾಗ ಸಾಕಾಗಿತ್ತು. ಗಂಡ ತೀರಿಕೊಂಡ ಮೇಲೆ ಅಕ್ಕ ಬಂದು ಸೇರಿಕೊಂಡಾಗ, ಹಜಾರದ ಹಿಂದಿನ ಪಾಲನ್ನು ಪ್ಲೈವುಡ್ ಗೋಡೆ ಹಾಕಿ ಅವಳಿಗೆ ಕೊಟ್ಟ. ಒಂದು ಮಂಚ, ಒಂದು ಸ್ಟೂಲು, ಬೀದಿಯ ಕಡೆಗೆ ಒಂದು ಕಿಟಕಿ. ಅಕ್ಕ ಆ ಕಿಟಕಿಯ ಕೆಳಗೆ ಕೂತು ದರ್ಜಿ ಅಂಗಡಿಯ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಕಾಜಾಕ್ಕೆ ಬೆಳಕು ಬೇಕು. ಬೆಳಕಿದ್ದರೆ ಅವಳ ಹೊಲಿಗೆ ಎಣಿಸಿಟ್ಟಂತೆ ಬೀಳುತ್ತಿತ್ತು, ಇಲ್ಲದಿದ್ದರೆ ಅವಳು ಸೂಜಿಯನ್ನೇ ಮುಟ್ಟುತ್ತಿರಲಿಲ್ಲ.

ಕಿವಿರಾಯನಿಗೆ ಆಂಪ್ಲಿಫೈಯರ್ ಬದಲಿಸುವ ಹುಚ್ಚು ಹತ್ತಿದ್ದು ಸ್ಟೀರಿಯೊ ಅಂಗಡಿಯವನಿಂದ. ಅವನು ಬಂದು ಹಾಡು ಕೇಳಿ, ತುಟಿ ಒಂದು ಕಡೆಗೆ ಎಳೆದು, "ಸ್ಪೀಕರ್ ಚೆನ್ನಾಗಿದೆ, ಆದ್ರೆ ಪಾಪ, ಅದಕ್ಕೆ ಉಸಿರು ಸಾಲ್ತಿಲ್ಲ" ಎಂದ. ಸತ್ತವರ ಮನೆಯಲ್ಲಿ ಮಾತಾಡುವ ದನಿ. ಅಂದಿನಿಂದ ಕಿವಿರಾಯನಿಗೆ ಊಟ ರುಚಿಸಲಿಲ್ಲ. ಹಳೆಯದನ್ನು ಇಟ್ಟುಕೊಂಡು ಅದರ ಬೆನ್ನಿಗೆ ಬಲ ಕೊಡುವ ಇನ್ನೊಂದು ಪೆಟ್ಟಿಗೆ ಸೇರಿಸುವುದೋ, ಹಳೆಯದನ್ನು ತೆಗೆದು ದೊಡ್ಡದೊಂದನ್ನು ತರುವುದೋ ಎಂದು ತಿಂಗಳುಗಟ್ಟಲೆ ಹಿಂದೆ ಮುಂದೆ ತೂಗಿದ. ಅವನ ಇನ್ನೊಬ್ಬ ಗೆಳೆಯ, ನಿವೃತ್ತ ಕ್ಯಾಷಿಯರು, ಬೆಳಿಗ್ಗೆ ಸೇರಿಸು ಎನ್ನುತ್ತಿದ್ದ, ಸಂಜೆ ತೆಗೆ ಎನ್ನುತ್ತಿದ್ದ. ಆ ಮನುಷ್ಯನಿಗೆ ಹಾಡಿಗಿಂತ ಬಿಟ್ಟಿ ಕಾಫಿ ಮುಖ್ಯ.

ಇಷ್ಟೇ ಆಗಿದ್ದರೆ ಅಕ್ಕ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಒಂದು ಮಧ್ಯಾಹ್ನ ಅಂಗಡಿಯವನು ಪ್ಲೈವುಡ್ ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದ.

"ದೊಡ್ಡ ಆಂಪ್ಲಿಫೈಯರ್ ಬಂದ್ರೆ ಇದು ಇರಬಾರದು. ಸದ್ದು ಹಿಂದಕ್ಕೆ ಓಡಾಡೋಕೆ ಜಾಗ ಬೇಕು."

"ಅಕ್ಕ ಎಲ್ಲಿಗೆ ಹೋಗ್ಬೇಕು?" ಎಂದು ಕ್ಯಾಷಿಯರು ಕೇಳಿದ. ಒಳ್ಳೆಯತನದಿಂದಲ್ಲ, ಕಾಫಿ ಮಾಡುವವಳು ಅವಳು.

"ಅಡುಗೆಮನೆ ಪಕ್ಕದ ಸಂದಿ ಇದೆಯಲ್ಲ, ಒಂದು ಮಂಚ ಹಿಡಿಯುತ್ತೆ" ಎಂದ ಕಿವಿರಾಯ.

ಆ ಸಂದಿಗೆ ಕಿಟಕಿಯಿರಲಿಲ್ಲ. ಗೋಡೆಯಾಚೆ ಕೂತಿದ್ದ ಅಕ್ಕನಿಗೆ ಎಲ್ಲವೂ ಚೆನ್ನಾಗಿ ಕೇಳಿಸಿತು. ಸದ್ದು ಓಡಾಡಲು ಜಾಗವಿಲ್ಲ ಎಂದವರು ಯಾರೋ.

ಭಾನುವಾರ ಅಂಗಡಿಯವನು ದೊಡ್ಡ ಆಂಪ್ಲಿಫೈಯರನ್ನೇ ಹೊತ್ತು ತಂದ. ಎರಡನ್ನೂ ಹೋಲಿಸಿ ನೋಡುವುದು, ಹೊಸದು ಗೆದ್ದರೆ ಮರುದಿನವೇ ಬಡಗಿಯನ್ನು ಕರೆಸಿ ಗೋಡೆ ಬಿಚ್ಚಿಸುವುದು ಎಂದು ತೀರ್ಮಾನವಾಯಿತು. ಕಣ್ಣಿಗೆ ಕಂಡರೆ ಕಿವಿ ಪಕ್ಷಪಾತ ಮಾಡುತ್ತದಂತೆ, ಅದಕ್ಕೆ ಹಗ್ಗ ಕಟ್ಟಿ ಹಾಸಿಗೆಯ ಹೊದಿಕೆ ಇಳಿಬಿಟ್ಟರು. ಅದರ ಹಿಂದೆ ಎರಡು ಪೆಟ್ಟಿಗೆ, ನಡುವೆ ಒಂದು ಗುಂಡಿ. ಎಡಕ್ಕಿದ್ದರೆ ಹಳೆಯದು ಹಾಡುತ್ತದೆ, ಬಲಕ್ಕೆ ತಿರುಗಿಸಿದರೆ ಟಕ್ಕೆಂದು ಹೊಸದು.

"ಗುಂಡಿ ತಿರುಗಿಸೋಕೆ ಯಾರು?" ಎಂದ ಅಂಗಡಿಯವನು.

"ಅಕ್ಕನೇ ಸರಿ. ಅವಳಿಗೆ ಇದೆಲ್ಲ ತಲೆಗೆ ಹತ್ತಲ್ಲ" ಎಂದು ಕಿವಿರಾಯ ಅವಳೆದುರಿಗೇ ಹೇಳಿದ. "ನಾನು ಕುರ್ಚಿ ತಟ್ಟಿದಾಗ ತಿರುಗಿಸು ಅಕ್ಕ. ಯಾವುದು ಅಂತ ಬಾಯಿ ಬಿಡ್ಬೇಡ."

ಅಕ್ಕ ಕೈಯಲ್ಲಿದ್ದ ಅಂಗಿಯ ಸಮೇತ ಹೊದಿಕೆಯ ಹಿಂದೆ ಬೆಳಕು ಬೀಳುವ ಕಡೆ ಕೂತಳು. ಹಾಡು ಶುರುವಾಯಿತು, ಯಾರೋ ಹೆಂಗಸಿನ ದನಿ, ಜೊತೆಗೊಂದು ಪಿಟೀಲು. ಕಿವಿರಾಯ ಕುರ್ಚಿ ತಟ್ಟಿದಾಗ ಅವಳು ಕಾಜಾದ ಕೊನೆಯ ಗಂಟು ಹಾಕುತ್ತಿದ್ದಳು. ಗಂಟನ್ನು ಅರ್ಧಕ್ಕೆ ಬಿಡುವುದು ಅವಳ ಜಾಯಮಾನವಲ್ಲ. ಗಂಟು ಬಿಗಿದು, ಕತ್ತರಿಯಿಂದ ಟಕ್ಕೆಂದು ದಾರ ಕತ್ತರಿಸಿ, ಗುಂಡಿಗೆ ಕೈ ಚಾಚುವಷ್ಟರಲ್ಲಿ ಆಚೆ ಕಡೆ ನಿಟ್ಟುಸಿರು ಕೇಳಿಸಿತು.

"ನೋಡಿದ್ರಾ," ಎಂದ ಅಂಗಡಿಯವನು. "ಪರದೆ ಸರಿಸಿದ ಹಾಗಾಯ್ತು."

"ಪಿಟೀಲು ಬೇರೆ, ದನಿ ಬೇರೆ. ಮಧ್ಯೆ ಒಬ್ಬ ಮನುಷ್ಯ ನಡೆದು ಹೋಗ್ಬಹುದು" ಎಂದ ಕಿವಿರಾಯ.

"ಹೂಂ, ಹೋಗ್ಬಹುದು" ಎಂದ ಕ್ಯಾಷಿಯರು.

ಅಕ್ಕ ಗುಂಡಿಯನ್ನು ನೋಡಿದಳು. ಅದು ಎಡಕ್ಕೇ ಇತ್ತು. ಚಾಚಿದ ಕೈಯನ್ನು ಮೆಲ್ಲಗೆ ಮಡಿಲಿಗೆ ತಂದುಕೊಂಡಳು.

ಆಮೇಲೆ ಅವನು ತಟ್ಟಿದಾಗೆಲ್ಲ ಅವಳು ಕತ್ತರಿ ಆಡಿಸಿದಳು, ಅಷ್ಟೇ. ಮೂವರೂ ಕಣ್ಣು ಮುಚ್ಚಿ ತಲೆದೂಗಿದರು. ಒಂದು ಸಲ ದನಿ ಮಂಕಾಯಿತು ಎಂದು ಮುಖ ಹಿಂಡಿದರು, ಇನ್ನೊಂದು ಸಲ ಬೆಳದಿಂಗಳಾಯಿತು ಎಂದು ತೊಡೆ ತಟ್ಟಿಕೊಂಡರು. ಬೆಳೆದ ಗಂಡಸರು ಒಂದೇ ಪೆಟ್ಟಿಗೆಯನ್ನು ಬೈದು, ಅದನ್ನೇ ಮುದ್ದು ಮಾಡುವುದನ್ನು ಕೇಳುತ್ತ ಅವಳು ಇನ್ನೊಂದು ಕಾಜಾ ಮುಗಿಸಿದಳು. ನಗು ಬಂದರೆ ಹೊಲಿಗೆ ಓರೆಯಾದೀತೆಂದು ತುಟಿ ಕಚ್ಚಿಕೊಂಡಳು.

ಕೊನೆಗೆ ಅಂಗಡಿಯವನು ಎದ್ದು ನಿಂತ. "ಎರಡನೇದು. ಅನುಮಾನವೇ ಇಲ್ಲ."

"ನಂದೂ ಎರಡನೇದೇ," ಎಂದ ಕಿವಿರಾಯ. ಕ್ಯಾಷಿಯರಿಗೆ ಬೇರೆ ಅಭಿಪ್ರಾಯ ಇರುವುದು ಸಾಧ್ಯವಿರಲಿಲ್ಲ.

"ಈಗ ಹೇಳು ಅಕ್ಕ. ಎರಡನೇದು ಯಾವುದು?"

ಅಕ್ಕ ಹೊದಿಕೆ ಸರಿಸಿ ಹೊರಗೆ ಬಂದಳು. ಇಡೀ ಕಥೆ ಹೇಳಿದರೆ ತಮ್ಮ ತನ್ನ ಗೆಳೆಯರ ಮುಂದೆ ಕುಗ್ಗುತ್ತಾನೆ, ಕುಗ್ಗಿದ ಸಿಟ್ಟನ್ನು ಗೋಡೆಯ ಮೇಲೆಯೇ ತೀರಿಸುತ್ತಾನೆ. ಕಟ್ಟುಹಲ್ಲಿನವನ ಹಟ ಅವಳಿಗೆ ಗೊತ್ತು. ಸುಳ್ಳು ಹೇಳುವುದೂ ಅವಳಿಗೆ ಆಗದು.

"ಎರಡನೇದು ನಿನ್ನ ಹಳೇದೇ ಕಣಪ್ಪ" ಎಂದಳು.

ಮೊದಲನೆಯದು ಯಾವುದೆಂದು ಯಾರೂ ಕೇಳಲಿಲ್ಲ.

ಅಂಗಡಿಯವನ ಮುಖ ಸುಣ್ಣವಾಯಿತು. "ಕೋಣೆಯದೇ ತಪ್ಪು. ಈ ಗೋಡೆ ಇರೋತನಕ ನನ್ನ ಆಂಪ್ಲಿಫೈಯರ್ ಬಾಯಿ ಬಿಡಲ್ಲ" ಎಂದ. ತನಗೆ ತಿಳಿಯದೆಯೇ ಅಂದು ಅವನು ಆಡಿದ ಒಂದೇ ನಿಜ ಅದು, ಬಾಯಿ ಬಿಡದ ಮಟ್ಟಿಗೆ.

ಆದರೆ ಕಿವಿರಾಯನ ಎದೆ ಆಗಲೇ ಉಬ್ಬಿತ್ತು. "ಗೋಡೆಗೇನಾಗಿದೆ? ಬೆಳದಿಂಗಳು ಅಂದೋರು ನೀವೇ ಅಲ್ವಾ? ಗೋಡೆ ಇರೋದ್ರಿಂದಲೇ ಈ ಸೊಗಸು. ಅದು ನಾನೇ ಅಳತೆ ಕೊಟ್ಟು ಮಾಡಿಸಿದ್ದು."

"ಹೌದಲ್ಲ, ಅಳತೆ" ಎಂದ ಕ್ಯಾಷಿಯರು.

ಅಂಗಡಿಯವನು ಕಾಫಿಯನ್ನೂ ಮುಟ್ಟದೆ ತನ್ನ ಪೆಟ್ಟಿಗೆ ಹೊತ್ತು ನಡೆದ. ಅವನ ಲೋಟವನ್ನೂ ಕ್ಯಾಷಿಯರೇ ಖಾಲಿ ಮಾಡಿದ.

ಅಂದಿನಿಂದ ಮನೆಗೆ ಬಂದವರಿಗೆಲ್ಲ ಕಿವಿರಾಯ ತನ್ನ ಹಳೆಯ ಆಂಪ್ಲಿಫೈಯರ್ ದುಬಾರಿಯದಕ್ಕೆ ಮಣ್ಣು ಮುಕ್ಕಿಸಿದ ಕಥೆ ಹೇಳುತ್ತಾನೆ. ಪ್ಲೈವುಡ್ಡಿಗೆ ಒರಗಿದವರನ್ನು ಗದರಿ ಎಬ್ಬಿಸುತ್ತಾನೆ. ಕನ್ನಡಿ ತೂಗುಹಾಕಲು ಗೋಡೆಗೆ ತನ್ನ ಕಡೆಯಿಂದ ಒಂದು ಮೊಳೆ ಹೊಡೆಯಲೇ ಎಂದು ಅಕ್ಕ ಕೇಳಿದ್ದಕ್ಕೆ ಅವನಿಗೆ ಸಿಟ್ಟೇ ಬಂತು.

"ಆ ಗೋಡೆ ಮುಟ್ಟಿದ್ರೆ ನೋಡು. ದನಿ ಕೆಟ್ಟುಹೋಗುತ್ತೆ."

"ಇಲ್ಲಪ್ಪ, ಮುಟ್ಟಲ್ಲ" ಎಂದು ಅಕ್ಕ ಕನ್ನಡಿಯನ್ನು ಕಿಟಕಿಯ ಕಟ್ಟೆಯ ಮೇಲೆ ಒರಗಿಸಿಟ್ಟು, ಸೂಜಿಗೆ ದಾರ ಪೋಣಿಸಿದಳು.